ಯಜಮಾನರ ಹೆಸರಿನ ಫೋಲ್ಡರ್

ಬೆಟಗೇರಿಯೊಳಗ ನಂದೊಂದು ಫೋಟೊ ಸ್ಟುಡಿಯೊ ಐತಿ. ಅಲ್ಲಿನ ಕಂಪ್ಯೂಟರ್ ಖರೆ ಹೇಳಬೇಕಂದ್ರ ಮುದುಕ ಆಗೇತಿ. ಮೌಸ್ ಹಿಡಿದು ಮದುವಿ ಫೋಟೊ ತೆರೆಯಾಕ ಹೋದ್ರ ಗಪ್ಪಂತ ಕುಂತುಬಿಡತೈತಿ. ಅದಕ್ಕ ನಾ ಕರೇ ಪರದಿ ಮ್ಯಾಲ ಕಮಾಂಡ್ ಹೊಡಿಯಾಕ ಕಲಿತೆ. ‘ಎಲ್ ಎಸ್’ ಅಂತ ಒತ್ತಿದ್ರ ಸಾಕು, ಒಳಗಿನ ಫೋಲ್ಡರೆಲ್ಲಾ ಸರಸರ ತೋರಸತೈತಿ. "ಏನ ಮಂತ್ರಾ ಹಾಕಾಕತ್ತೀ?" ಅಂತ ಗಂಡ ನಗ್ತಾನ. ನಗಲಿ ಬಿಡ್ರಿ, ಕೆಲಸಾ ಆಗತೈತಿ.

ಮೊನ್ನೆ ಹೊಂಬಳದಿಂದ ಒಬ್ಬಾಕಿ ಆಯಿ ಬಂದ್ಲು. ಆಕಿ ಯಜಮಾನರು ತೀರಿಕೊಂಡಿದ್ರು. ಮಕ್ಕಳು ಆಧಾರ್ ಕಾರ್ಡಿನ ಫೋಟೊ ದೊಡ್ಡದು ಮಾಡಿಸಿ ಪಡಸಾಲ್ಯಾಗ ಹಾಕ್ಯಾರಂತ.

"ಜಗಳಕ್ಕ ನಿಂತಂಗ ಕಾಣ್ತಾರ ತಂಗಿ. ಅವರು ಹಂಗ ಇರಲಿಲ್ಲ. ಮಗಳ ಮದುವ್ಯಾಗ ನೀ ತಗದ ಫೋಟೊದಾಗ ನಕ್ಕಾರ. ನಂಗ ಆ ನಗು ಬೇಕು. ಆಲ್ಬಮ್ಮು ಇಲಿ ಕಡದು ಹಾಳಾತು."

ನಮ್ಮಲ್ಲಿ ಮದುವಿ ಫೋಲ್ಡರಿಗೆಲ್ಲಾ ಮನಿ ಯಜಮಾನರ ಹೆಸರು, ಮುಂದ ಊರು. "ಹೆಸರು ಹೇಳ್ರಿ ಆಯೀ" ಅಂದೆ. ಆಕಿ ಸೆರಗು ಬಾಯಿಗೆ ಹಚ್ಚಿದ್ಲು. "ಗಂಡನ ಹೆಸರ ಹೆಂಗ ಹೇಳ್ಲಿ?"

ಅಯ್ಯ ಶಿವನ! "ಹಂಗಾರ ಮಗಗ ಫೋನ್ ಹಚ್ರಿ."

"ಅವಗ ಹೇಳಲಾರದ ಬಂದೀನಿ."

ನಂಗೂ ಸಿಟ್ಟು ಬಂತು. "ಹಾಡಿನ್ಯಾಗ ಹೆಸರು ಕೂಡಿಸಿ ಒಡಪು ಕಟ್ಟಿ ಹೇಳ್ರಿ ಮತ್ತ! ಮದುವ್ಯಾಗ ಹೇಳಿರಲಿಲ್ಲೇನು?"

ಆಯಿ ಎದ್ದು ನಿಂತ್ಲು. ಗಂಟಲಾ ಸರಿ ಮಾಡ್ಕೊಂಡು, ರಾಗಾ ಎಳದು ಒಡಪು ಹೇಳಿ, ಕಡೀಕ ಗಂಡನ ಹೆಸರು ಸೇರಿಸಿಬಿಟ್ಲು. ಪಾಸ್‌ಪೋರ್ಟ್ ಫೋಟೊಕ್ಕಂತ ಕುಂತಿದ್ದ ಹೆಂಗಸರೆಲ್ಲಾ ಚಪ್ಪಾಳಿ ಹೊಡದ್ರು!

ಹೆಸರು ಹೊಡದೆ. ಒಂದು ಹಿಂಡ ಫೋಲ್ಡರು ಬಂದ್ವು.

"ಯವ್ವಾ, ಇಷ್ಟ ಮಂದಿ? ಇದರಾಗ ನಮ್ಮವರು ಯಾರು?"

ಹೆಸರಿನ ಮುಂದ ಹೊಂಬಳ ಅಂತ ಸೇರಿಸಿದೆ. ಒಂದ ಉಳೀತು. ತೆಗೆದು ನೋಡಿದ್ರ, ಅಜ್ಜಾರು ಜಿಲೇಬಿ ಕೈಯಾಗ ಹಿಡಕೊಂಡು ಹಲ್ಲೆಲ್ಲಾ ಬಿಟ್ಟು ನಗಾಕತ್ತಿದ್ರು. ಆಯಿ ಅತ್ತಳೋ ನಕ್ಕಳೋ, ಎರಡೂ ಕೂಡೇ ಬಂತು. ನಂಗೂ ಕಣ್ಣು ತುಂಬಿತು, ಸಂತೋಷಕ್ಕ.

"ಇನ್ನ ಕಳೀಬಾರದು ಆಯೀ. ಬ್ಯಾರೆ ಕಡೆ ಒಂದು ಕಾಪಿ ಇಡ್ತೀನಿ" ಅಂದು ಹೊಸ ಫೋಲ್ಡರ್ ಮಾಡೂ ಕಮಾಂಡ್ ಹೊಡದೆ. "ಇದಕ್ಕೊಂದು ಹೆಸರು ಬೇಕಲ್ಲ. ಅವರದ ಹಾಕ್ಲಿ?"

"ಬ್ಯಾಡ, ನಂದು ಹಾಕು" ಅಂದ್ಲು. ತನ್ನ ಹೆಸರು ಅಂಗಡಿ ತುಂಬ ಕೇಳೂಹಂಗ ಗಟ್ಟಿಯಾಗಿ ಹೇಳಿದ್ಲು. "ಅದರಾಗ ಅವರನ್ನ ಇಡು."