ಬಾಯಿಪಾಠವಿಲ್ಲದ ನಂಬರು

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಆ ಗುತ್ತಿಗೆದಾರ ತನ್ನ ಸೇನಾ ನಂಬರು ಹೇಳಲು ಕಾಗದ ಹುಡುಕಿದ. ಶ್ರೀಕಾರ್ಯಂ ಬಡಾವಣೆಯ ನಮ್ಮ ಕಚೇರಿಗೆ ಕಾವಲುಗಾರರನ್ನು ಒದಗಿಸುವ ಗುತ್ತಿಗೆ ಮಾಜಿ ಸೈನಿಕರಿಗೆ ಮೀಸಲು. ಟೆಂಡರ್ ದಾಖಲೆ ಪರಿಶೀಲಿಸುವ ಕೆಲಸ ನನ್ನದು.

ಆತ ಯಾವಾಗಲೂ ಬೆನ್ನು ನೆಟ್ಟಗೆ ಮಾಡಿಯೇ ಕೂರುತ್ತಿದ್ದ. ಚಹಾ ತಣ್ಣಗಿದ್ದರೂ ಲಿಫ್ಟ್ ತಡವಾದರೂ, "ಶಿಸ್ತು ಬೇಕು ಸಾರೇ" ಎನ್ನುತ್ತಿದ್ದ.

ಅಂದು ನಮ್ಮ ಗೇಟು ಕಾಯುವ ನಿವೃತ್ತ ಹವಾಲ್ದಾರರು ರಿಜಿಸ್ಟರ್ ಹಿಡಿದು ಒಳಬಂದಿದ್ದರು. ಹಳೆಯ ಸೈನಿಕರು ಒಬ್ಬರನ್ನೊಬ್ಬರು ಕೇಳುವಂತೆ, "ನಿಮ್ಮ ನಂಬರು?" ಎಂದರು. ಆತ ಫೈಲು ತಿರುವತೊಡಗಿದ. ಹವಾಲ್ದಾರರು ನಕ್ಕರು: "ನನ್ನ ನಂಬರು ನನ್ನ ಹೆಂಡತಿಗೂ ಬಾಯಿಪಾಠ."

ಅವರು ಹೊರಹೋದ ಮೇಲೆ ಆತ ನನ್ನ ಮೇಜಿನ ಮೇಲಿದ್ದ ಮಗಳ ಫೋಟೋವನ್ನು ನೇರವಾಗಿ ನಿಲ್ಲಿಸಿದ. "ಸ್ಕೂಲ್ ಬಸ್ಸು ಎಂಟು ಹತ್ತಕ್ಕಲ್ವಾ? ಒಂದು ದಿನವೂ ತಡವಿಲ್ಲ. ಶಿಸ್ತು ಬೇಕು ಸಾರೇ."

ಸೇನೆಯ ದಾಖಲೆ ವಿಭಾಗಕ್ಕೆ ಬರೆದೆ. ಆ ನಂಬರಿನ ಸೈನಿಕನೇ ಇಲ್ಲವೆಂದು ಉತ್ತರ ಬಂತು. ಟೆಂಡರ್ ತಿರಸ್ಕರಿಸಿದೆ. ಆತ ಮತ್ತೆ ಕಚೇರಿಗೆ ಬರಲಿಲ್ಲ. ಆದರೆ ದಿನವೂ ಎಂಟು ಗಂಟೆಗೆ, ಮಗಳು ಬಸ್ಸಿಗೆ ಕಾಯುವ ಜಾಗದೆದುರಿನ ಅಂಗಡಿಯಲ್ಲಿ, ಬೆನ್ನು ನೆಟ್ಟಗೆ ಮಾಡಿ ಚಹಾ ಕುಡಿಯುತ್ತಿದ್ದ. ದೂರು ಕೊಟ್ಟೆ. ಪೊಲೀಸರು, "ಚಹಾ ಕುಡಿದರೆ ಕೇಸು ಹಾಕೋಕಾಗುತ್ತಾ ಸಾರೇ?" ಎಂದರು.

ನನಗೆ ಬೆಳಗಿನವರೆಗೂ ನಿದ್ದೆ ಬಂದದ್ದು ಓಣಂ ರಜೆಯ ಹಿಂದಿನ ರಾತ್ರಿ. ಮರುದಿನ ಸ್ಕೂಲ್ ಬಸ್ಸು ಬರುವುದಿರಲಿಲ್ಲ.