ದೊರೆ ಬಂಗಲೆಯ ಅಂಗಳ

ಗಂಡ ತೀರಿಕೊಂಡ ಎರಡನೆಯ ವರ್ಷ ನಾನು ಮಂಡೆಕೋಲಿನ ದಾರಿಯಲ್ಲಿದ್ದ ದೊರೆ ಬಂಗಲೆಯನ್ನು ಕರಾರು ಮಾಡಿ ಬಾಡಿಗೆಗೆ ಹಿಡಿದೆ. ಐವತ್ತರ ದಶಕದ ಕೊನೆ. ಹತ್ತಿರದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. "ಹೆಂಗಸರಿಬ್ಬರು ಆ ಗುಡ್ಡೆಯಲ್ಲಿ ಎಂತ ಮಾಡುದು? ಮೂರು ತಿಂಗಳು ಕಳೀಲಿ, ನೀವೇ ವಾಪಸು ಬರ್ತೀರಿ" ಎಂದ ಅಣ್ಣ. ಅವನ ಮನೆಯಲ್ಲಿ ಊಟಕ್ಕೆ ಕಡಿಮೆ ಇರಲಿಲ್ಲ, ನನ್ನ ಮಾತಿಗೆ ಬೆಲೆ ಇರಲಿಲ್ಲ ಅಷ್ಟೆ. ಏನೇ ಆಗಲಿ, ವಾಪಸು ಬರುವುದಿಲ್ಲ ಎಂದು ಅವನ ಮುಖಕ್ಕೇ ಹೇಳಿ ಹೊರಟೆ. ಅಮ್ಮ ತನ್ನ ಟ್ರಂಕು ಹಿಡಿದು ಹಿಂದೆ ಬಂದಳು.

ರಬ್ಬರು ತೋಟದ ದೊರೆಯೊಬ್ಬ ತನ್ನ ದೇಶದ ಮನೆಯ ಮಾದರಿಯಲ್ಲೇ ಕಟ್ಟಿಸಿದ ಬಂಗಲೆ ಅದು. ಬೆವರು ಇಳಿಯುವ ನಮ್ಮ ಊರಿನಲ್ಲಿ ಚಳಿ ಕಾಯಿಸಲು ಗೋಡೆಯೊಳಗೊಂದು ಒಲೆ. ಎತ್ತರದ ಕಿಟಕಿಗಳ ಬಾಗಿಲು ಒಮ್ಮೆ ತೆರೆದರೆ ಮುಚ್ಚಲಿಕ್ಕೆ ಬಾರದು, ಮುಚ್ಚಿದರೆ ತೆರೆಯಲಿಕ್ಕೆ ಬಾರದು. ಮುಂದುಗಡೆ ರಸ್ತೆಯವರೆಗೂ ಹಾಸಿದ ಹುಲ್ಲು, ಅದರ ಅಂಚಿಗೆ ಗುಲಾಬಿ ಗಿಡಗಳು. ದೊರೆ ಊರು ಬಿಡುವಾಗ ಅದನ್ನು ಮಂಗಳೂರಿನ ಒಬ್ಬರು ಕೊಂಡಿದ್ದರು. ಇನ್ನೊಬ್ಬ ಬಿಳಿಯ ಬಂದು ಕೊಂಡಾನು ಎಂಬ ಆಸೆ ಅವರಿಗೆ. ಅದಕ್ಕೇ ಕರಾರಿನಲ್ಲಿ ಬರೆಸಿದ್ದರು: ಮನೆ, ಹುಲ್ಲು, ಹೂಗಿಡ ಎಲ್ಲ ದೊರೆ ಬಿಟ್ಟುಹೋದ ಹಾಗೆಯೇ ಇರಬೇಕು. ವರ್ಷಕ್ಕೊಮ್ಮೆ ಬಂದು ನೋಡುವುದು, ಸರಿ ಇದ್ದರೆ ಮಾತ್ರ ಮುಂದಿನ ವರ್ಷಕ್ಕೆ ಸಹಿ.

ನಾನೂ ಹಟಕ್ಕೆ ಬಿದ್ದೆ. ಮಾಡಿನ ಹಂಚು ಕೈಯಾಡಿಸಿ ಸರಿಮಾಡುವವನು ಇವತ್ತು, ನಾಳೆ ಎಂದು ಸತಾಯಿಸಿದಾಗ ಸೀರೆ ಎತ್ತಿ ಕಟ್ಟಿ ನಾನೇ ಮಾಡಿಗೆ ಏಣಿ ಇಟ್ಟೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ನೋಡಲಿ ಎಂದು ಇನ್ನೆರಡು ಸಾಲು ಹೆಚ್ಚೇ ಸರಿಮಾಡಿದೆ. ಮಾರನೆಯ ದಿನ ಅವನೂ ಬಂದ.

ನವರಾತ್ರಿ ಕಳೆದ ಮೇಲೆ ಟೀಚರುಗಳ ತರಬೇತಿಗೆಂದು ಎರಡು ವಾರ ಪುತ್ತೂರಿಗೆ ಹೋದೆ. ತಿರುಗಿ ಬಂದಾಗ ಹುಲ್ಲು ಇರಲಿಲ್ಲ. ಕೆಲಸದ ನಾಲ್ಕು ಹೆಂಗಸರನ್ನು ಕರೆಸಿ ಅಮ್ಮ ಅಷ್ಟನ್ನೂ ಬುಡಸಮೇತ ಕೆತ್ತಿಸಿ, ನೆಲ ಬಡಿಸಿ, ಮಸಿ ಬೆರೆಸಿದ ಸೆಗಣಿ ಸಾರಿಸಿದ್ದಳು. ಮಳೆ ನಿಂತ ಮೇಲೆ ನಮ್ಮ ಕಡೆ ಪ್ರತಿ ಮನೆಯಲ್ಲೂ ಮಾಡುವುದನ್ನೇ ಅವಳು ಮಾಡಿಸಿದ್ದು. ಅಂಗಳ ಕಪ್ಪಗೆ ಮಿರುಗುತ್ತಿತ್ತು. ಗುಲಾಬಿಯ ಜಾಗದಲ್ಲಿ ತುಳಸಿ ಇತ್ತು.

ನಾನು ಬಾಯಿಗೆ ಬಂದ ಹಾಗೆ ಬೈದೆ. ಮನೆ ಹೋಯಿತು, ಇನ್ನು ಅಣ್ಣನ ಜಗಲಿಯೇ ಗತಿ ಎಂದೆ. ಅಮ್ಮ ಸೆರಗಿನ ತುದಿ ತಿರುವುತ್ತ ಕೇಳಿದಳು, "ಹುಲ್ಲು ಬೆಳೆದ ಅಂಗಳ ಅಂದ್ರೆ ಜನ ಇಲ್ಲದ ಮನೆ ಅಂತ ಅಲ್ವಾ? ನಾವು ಇದ್ದೇವಲ್ಲ, ಮಗಾ."

ಆಮೇಲೆ ಲೆಕ್ಕ ಹಾಕಿದೆ. ಅಮ್ಮನಿಗೆ ಮೊದಲು ಅಪ್ಪನ ಮನೆ, ಮತ್ತೆ ಗಂಡನದು, ಮತ್ತೆ ಮಗನದು. ಎಲ್ಲ ಕಡೆ ಅಂಗಳ ಸಾರಿಸಿದವಳು ಅವಳೇ, ಸಾರಿಸಿ ಎಂದು ಹೇಳಿದವರು ಬೇರೆಯವರು. ಆಯುಷ್ಯದಲ್ಲೇ ಅವಳು ತಾನಾಗಿ ಹೇಳಿ ಮಾಡಿಸಿದ ಮೊದಲನೆಯ ಕೆಲಸ ಅದು. ಬೈದದ್ದಕ್ಕೆ ನನಗೆ ನಾಚಿಕೆಯಾಯಿತು. ಹುಲ್ಲು ಪುನಃ ನೆಡುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಏಪ್ರಿಲಿನಲ್ಲಿ ಮಾಲೀಕರು ಬಂದರು. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಲಸಿನ ಹಪ್ಪಳ. ಕಾರಿನ ಸದ್ದು ಕೇಳಿದ್ದೇ ಅಮ್ಮ ಒಳಗೆ ಓಡಿದಳು. ಬಾಗಿಲ ಸಂದಿಯಿಂದ ಪಿಸುಗುಟ್ಟಿದಳು, "ಹುಲ್ಲು ಬಿಸಿಲಿಗೆ ಒಣಗಿಹೋಯ್ತು ಅಂತ ಹೇಳು. ನಂಬ್ತಾರೆ." ನಿಜ, ಆ ಬಿಸಿಲಿಗೆ ಯಾರಾದರೂ ನಂಬುತ್ತಿದ್ದರು.

ಮಾಲೀಕರು ಅಂಗಳದ ಅಂಚಿಗೆ ಬಂದವರು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟರು. ಮತ್ತೆ ಏನೋ ನೆನಪಾದವರಂತೆ ಪುನಃ ಮೆಟ್ಟಿಕೊಂಡರು.

"ಹುಲ್ಲು ಎಲ್ಲಿ ಟೀಚರೆ?"

"ಕೆತ್ತಿಸಿದ್ದೇವೆ."

"ಕರಾರಿನಲ್ಲಿ ಎಂತ ಬರೆದದ್ದುಂಟು, ಓದಿದ್ದೀರಲ್ಲ?"

"ಓದಿಯೇ ಸಹಿ ಹಾಕಿದ್ದು. ಮನೆ ನೋಡಿ. ಒಂದು ಹಂಚು ಸೋರುದಿಲ್ಲ, ಮಾಡಿನ ಮರದಲ್ಲಿ ಒಂದು ಪಕ್ಕಾಸಿಗೂ ಗೆದ್ದಲು ಹಿಡಿದಿಲ್ಲ."

ಅವರು ಒಳಗೆಲ್ಲ ನೋಡಿ ಬಂದು ಜಗಲಿಯಲ್ಲಿ ಕೂತರು. ಕೆಟ್ಟವರೇನಲ್ಲ. ಒಂದು ಹಾಳೆ ತೆಗೆದು ನನ್ನ ಮುಂದಿಟ್ಟು, "ತಿಳಿಯದೆ ತಪ್ಪಾಯ್ತು ಅಂತ ಎರಡು ಗೆರೆ ಬರೆದು ಕೊಡಿ. ಸಹಿ ಹಾಕ್ತೇನೆ" ಎಂದರು.

ಎರಡೇ ಗೆರೆ. ಬರೆದಿದ್ದರೆ ಮನೆ ಉಳಿಯುತ್ತಿತ್ತು. ಬಾಗಿಲ ಹಿಂದೆ ಅಮ್ಮನ ಉಸಿರು ಕೇಳುತ್ತಿತ್ತು. ಹಾಳೆಯನ್ನು ಅವರ ಕಡೆಗೇ ಸರಿಸಿದೆ. "ತಪ್ಪು ಆಗ್ಲಿಲ್ಲ. ತಿಳಿದೇ ಮಾಡಿದ್ದು. ಬೇಕಾದರೆ ಮನೆ ಬಿಡಿಸಿ" ಎಂದೆ.

ಆಗ ಬಾಗಿಲಿನ ಸದ್ದಾಯಿತು. ಪರ ಗಂಡಸರ ಎದುರು ಎಂದೂ ನಿಲ್ಲದ ಅಮ್ಮ ಜಗಲಿಗೆ ಬಂದು ಅವರ ಎದುರೇ ನಿಂತಳು.

"ಅವಳು ಊರಲ್ಲೇ ಇರ್ಲಿಲ್ಲ. ಕೆತ್ತಿಸಿದ್ದು ನಾನು."

ಮಾಲೀಕರು ಅವಳನ್ನು ನೋಡಿದರು, ಅಂಗಳವನ್ನು ನೋಡಿದರು. ಕೊನೆಗೆ ಕರಾರು ಪತ್ರ ಬಿಚ್ಚಿ ಸಹಿ ಹಾಕಿದರು. ಆದರೂ ಸೋತೆ ಎಂದು ಹೇಳಲು ಮನಸ್ಸು ಬರಲಿಲ್ಲವೇನೋ.

"ಮಳೆ ಬಂದ್ರೆ ಹುಲ್ಲು ಹೇಗೂ ತಾನಾಗಿ ಬರ್ತದೆ ಅಮ್ಮ" ಎಂದರು.

"ಬರ್ಲಿ" ಎಂದಳು ಅಮ್ಮ. "ಪುನಃ ಕೆತ್ತಿಸ್ತೇನೆ."