ಅಕ್ಕನ ಗಿರಣಿ, ಭಾವನ ಸಮುದ್ರ

ನಮ್ಮ ಭಾವ ಕೊಟ್ಟೂರಪ್ಪನವರಿಗೆ ತಮ್ಮ ವಾರ್ಡಿನ ಕಾರ್ಪೊರೇಟರ್ ಯಾರೆಂದು ಗೊತ್ತಿಲ್ಲ. ಮನೆ ಮುಂದಿನ ಚರಂಡಿ ಕಟ್ಟಿಕೊಂಡು ನಾರುತ್ತಿದ್ದರೆ ಯಾರಿಗೆ ಹೇಳಬೇಕೆಂದೂ ಗೊತ್ತಿಲ್ಲ. ಆದರೆ ಎಲ್ಲೋ ಪೂರ್ವದ ಸಮುದ್ರದಲ್ಲಿರುವ ಎರಡು ದ್ವೀಪ ದೇಶಗಳ ಪೆಟ್ರೋಲಿಯಂ ಮಂತ್ರಿಗಳು ಯಾರು, ಅವರಲ್ಲಿ ಯಾರಿಗೆ ಯಾರನ್ನು ಕಂಡರೆ ಆಗದು, ಯಾವ ಸರ್ಕಾರ ಯಾವಾಗ ಬೀಳುತ್ತದೆ, ಎಲ್ಲ ಬಾಯಿಪಾಠ. ಆ ದೇಶಗಳ ಹೆಸರಿಗೆ ನಾಲಿಗೆ ಹೊರಳದ್ದರಿಂದ ಒಂದನ್ನು ದೊಡ್ಡ ದ್ವೀಪ, ಇನ್ನೊಂದನ್ನು ಸಣ್ಣ ದ್ವೀಪ ಎನ್ನುತ್ತಾರೆ. ನಾನು ಅವರಿಗೆ ಬಹುವಚನ ಬಳಸುತ್ತಿರುವುದು ಅಕ್ಕನ ಮುಖ ನೋಡಿ. ಮನಸ್ಸಿನಲ್ಲಿ ಬಳಸುವುದು ಬೇರೆ.

ನಾನು ವಾಣಿ. ದಾವಣಗೆರೆಯ ಎಂ.ಸಿ.ಸಿ. ಎ ಬ್ಲಾಕಿನಲ್ಲಿ ಬ್ಲೌಸ್ ಹೊಲಿಯುತ್ತೇನೆ. ಅಕ್ಕ ಮರುಳಸಿದ್ದಮ್ಮ, ಭಾವ ಇಬ್ಬರೂ ಇರುವುದು ಬಿ ಬ್ಲಾಕಿನಲ್ಲಿ. ಮಕ್ಕಳಿಲ್ಲ. ಭಾವ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕರಾಗಿದ್ದು ನಿವೃತ್ತರಾದವರು. ನೌಕರಿಯುದ್ದಕ್ಕೂ ಕಂಡವರ ಕಡತದ ಮೇಲೆ ‘ಪರಿಶೀಲಿಸಿ ಮಂಡಿಸಿ’ ಎಂದು ಬರೆದ ಮನುಷ್ಯ, ತಮ್ಮ ಸ್ವಂತ ದುಡ್ಡಿನ ವಿಷಯದಲ್ಲಿ ಒಂದನ್ನೂ ಪರಿಶೀಲಿಸಲಿಲ್ಲ.

ಮನೆ ನಡೆಯುತ್ತಿದ್ದದ್ದು ಅಕ್ಕನ ಗಿರಣಿಯಿಂದ. ಹರಿಹರದಲ್ಲಿ ನಮ್ಮಪ್ಪ ಅವಳ ಹೆಸರಿಗೇ ಬರೆದುಕೊಟ್ಟ ಹಿಟ್ಟಿನ ಗಿರಣಿ ಅದು. ಒಂದು ಬದಿಗೆ ಜೋಳ, ಗೋಧಿ ಬೀಸುವ ಕಲ್ಲು. ಇನ್ನೊಂದು ಬದಿಗೆ ಮೆಣಸಿನಕಾಯಿ ಕುಟ್ಟುವ ಯಂತ್ರ. ಅಕ್ಕ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಹುಬ್ಬಿನ ಮೇಲೆ ಹಿಟ್ಟು ಹೊತ್ತು ಬರುತ್ತಿದ್ದಳು. ಯಾರ ಮನೆಯ ಜೋಳ ಯಾವ ಊರಿನದು, ಯಾರಿಗೆ ಹಿಟ್ಟು ನುಣ್ಣಗೆ ಬೇಕು, ಯಾರಿಗೆ ತರಿ ಬೇಕು, ಎಲ್ಲ ಬಲ್ಲಳು. ಗಿರಣಿಯಲ್ಲಿ ಕೂತಾಗ ಅವಳ ದನಿಯೇ ಬೇರೆ. ಮನೆಯಲ್ಲಿ ಪಿಸುಗುಡುವವಳು ಅಲ್ಲಿ ಯಂತ್ರದ ಸದ್ದನ್ನೂ ಮೀರಿ ಮಾತಾಡುತ್ತಿದ್ದಳು. ನನಗೆ ಆ ಅಕ್ಕ ಇಷ್ಟ.

ಭಾವನ ಕೆಲಸವೆಂದರೆ ಷೇರು. ನಿವೃತ್ತಿಯ ಹಣ ಕೈಗೆ ಬಂದ ವರ್ಷವೇ ಜಲಧಿ ಪೆಟ್ರೋ ಎಂಬ ಕಂಪನಿಯ ಷೇರು ಕೊಂಡರು. ಸಮುದ್ರದಲ್ಲಿ ಎಣ್ಣೆ ಹುಡುಕುವ ಕಂಪನಿಯಂತೆ. ಹುಡುಕುವುದಷ್ಟೇ, ಸಿಕ್ಕಿದ್ದೇನೂ ಇಲ್ಲ. ಅದನ್ನೇ ಯಾಕೆ ಕೊಂಡಿರಿ ಎಂದು ನಾನೊಮ್ಮೆ ಕೇಳಿದ್ದೆ.

“ಸಮುದ್ರದಾಗ ಅವರಿಗೆ ಸಿಕ್ಕಿರೋ ಜಾಗದ ಹೆಸರೇನು ಗೊತ್ತೇನು? ಬಿ ಬ್ಲಾಕ್. ನಮ್ದೂ ಬಿ ಬ್ಲಾಕು. ಹೆಂಗೆ ಕೂಡಿ ಬಂತು ನೋಡು,” ಎಂದರು.

ಇದು ಕಾರಣ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವವಳೂ ಒಂದನ್ನು ಎತ್ತಿ ಹುಳುಕು ನೋಡುತ್ತಾಳೆ.

ಭಾವನಿಗೆ ತಕ್ಕ ಜೊತೆಯಾಗಿದ್ದವರು ಮಂಡಕ್ಕಿ ಭಟ್ಟಿಯ ಹಯಾತ್ ಸಾಬ್. ಒಳ್ಳೆಯ ಮನುಷ್ಯ, ಬಡ್ಡಿ ಮುಟ್ಟದವರು. ಅವರನ್ನು ಭಾವ, “ಇದು ಬಡ್ಡಿ ಅಲ್ರಿ, ಪಾಲುದಾರಿಕೆ. ಸಮುದ್ರದಾಗ ನಿಮ್ದೂ ಒಂದು ಪಾಲು,” ಎಂದು ಒಪ್ಪಿಸಿದ್ದರು. ದಿನಾ ಬೆಳಿಗ್ಗೆ ಇಬ್ಬರೂ ಚಹಾದಂಗಡಿಯ ಕಟ್ಟೆಯ ಮೇಲೆ ಕೂತು, ಮೊಬೈಲ್ ನೋಡುತ್ತಾ, ದ್ವೀಪಗಳ ರಾಜಕೀಯ ಮಾಡುತ್ತಿದ್ದರು. ಬಿ ಬ್ಲಾಕ್ ತನ್ನದೆಂದು ದೊಡ್ಡ ದ್ವೀಪ, ತನ್ನದೆಂದು ಸಣ್ಣ ದ್ವೀಪ. ಅಲ್ಲಿ ಯಾವನೋ ಮಂತ್ರಿ ಕೆಮ್ಮಿದರೆ ಇಲ್ಲಿ ಇಬ್ಬರ ಚಹಾ ಆರುತ್ತಿತ್ತು. ಸುತ್ತ ಇನ್ನೂ ಏಳೆಂಟು ಜನ ಇಂಥವರೇ ಸೇರಿಕೊಂಡಿದ್ದರು. ಹೆಂಡತಿ ತರಕಾರಿಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಮೂರು ದಿನ ಮುಖ ಊದಿಸಿಕೊಳ್ಳುವ ಶೂರರು, ಷೇರು ಅರ್ಧಕ್ಕೆ ಬಿದ್ದಾಗ “ಇದು ಕರೆಕ್ಷನ್” ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು.

ಆಮೇಲೆ ಸಣ್ಣ ದ್ವೀಪದಲ್ಲಿ ಸರ್ಕಾರ ಬದಲಾಯಿತು. ಹಳೆಯ ಸರ್ಕಾರ ಕೊಟ್ಟ ಪರವಾನಗಿ ನಡೆಯುವುದಿಲ್ಲ ಎಂದು ಹೊಸಬರು ಹೇಳಿದರು. ಷೇರು ನೆಲ ಕಚ್ಚಿತು. ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದರು. ಭಾವ ಹಿಗ್ಗಿದರು. ಇನ್ನಷ್ಟು ಕೊಂಡರೆ ಕೊಂಡ ಬೆಲೆಯ ಸರಾಸರಿ ಇಳಿಯುತ್ತದೆ, ಇದನ್ನು ಆವರೇಜ್ ಮಾಡುವುದು ಎನ್ನುತ್ತಾರೆ ಎಂದು ಅಕ್ಕನಿಗೆ ಪಾಠ ಹೇಳಿದರು. ಕೊಳ್ಳುವುದಕ್ಕೆ ದುಡ್ಡು? ಗಿರಣಿ ಇತ್ತಲ್ಲ.

ಅಕ್ಕ ಒಪ್ಪಲಿಲ್ಲ. ಭಾವ ಊಟ ಬಿಟ್ಟರು. ಊಟ ಬಿಟ್ಟರೆಂದರೆ ಮನೆಯಲ್ಲಿ ಬಿಟ್ಟರು, ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಆಮೇಲೆ ಮಾತು ಬಿಟ್ಟರು. ಎದುರಿಗೆ ಕೂತು ನಿಟ್ಟುಸಿರು ಬಿಡುವುದೊಂದನ್ನು ಮಾತ್ರ ಬಿಡಲಿಲ್ಲ. ತಿಂಗಳಾನುಗಟ್ಟಲೆ ಇದನ್ನು ಸಹಿಸಿದ ಅಕ್ಕ, ಒಂದು ದಿನ ನಾನೂ ಇದ್ದಾಗ ಹೇಳಿದಳು.

“ನಿಮ್ಮ ಗ್ರಾಫು ನನಗೆ ತಿಳಿಯಲ್ರಿ. ಕೊಂಡಜ್ಜಿ ಬಕ್ಕೇಶನ್ನ ಕರೆಸ್ರಿ. ನಿಮ್ಮ ಸಮುದ್ರದ ಮ್ಯಾಲೆ ಅವನ ಕಾಯಿ ಎದ್ರೆ ಸಹಿ ಹಾಕ್ತೀನಿ. ಉಕ್ಕಡಗಾತ್ರಿ ಅಜ್ಜಯ್ಯನ ಆಣೆ. ಏಳಲಿಲ್ಲ ಅಂದ್ರೆ ಗಿರಣಿ ಸುದ್ದಿ ಮತ್ತೆ ಎತ್ತಬ್ಯಾಡ್ರಿ.”

ಬಕ್ಕೇಶ್ ಎಂದರೆ ಕೊಂಡಜ್ಜಿ ಊರಿನವನು, ಬೋರ್‌ವೆಲ್‌ಗೆ ನೀರಿನ ಜಾಗ ತೋರಿಸುವವನು. ಅಂಗೈ ಮೇಲೆ ಜುಟ್ಟಿನ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾನೆ. ನೀರಿರುವ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ. ನಮ್ಮಪ್ಪನ ಹೊಲದ ಬೋರಿಗೆ ಜಾಗ ತೋರಿಸಿದ್ದು ಅವನಪ್ಪ. ಮನೆಯೊಳಗೆ, ಕಾಗದದ ಮೇಲೆ ಕಾಯಿ ಏಳುವುದಿಲ್ಲ ಎಂದು ಅಕ್ಕನ ಎಣಿಕೆ. ಜಗಳವಿಲ್ಲದೆ ಇಲ್ಲವೆನ್ನುವ ದಾರಿ ಹುಡುಕಿದ್ದಳು ಪಾಪ. ಆಣೆ ಇಡದಿದ್ದರೆ ಸಾಕಿತ್ತು.

ಭಾವ ಸಮುದ್ರದ ನಕ್ಷೆಯನ್ನು ಮೊಬೈಲಿನಿಂದ ತೆಗೆದು ಫ್ಲೆಕ್ಸ್ ಅಂಗಡಿಯಲ್ಲಿ ಮುದ್ರಿಸಿ ತಂದರು. ನಡುಮನೆ ತುಂಬುವಷ್ಟು ದೊಡ್ಡದು. ನೀಲಿ ಸಮುದ್ರ, ಆ ಕಡೆ ಈ ಕಡೆ ದ್ವೀಪ, ನಡುವೆ ಕೆಂಪು ಚೌಕದಲ್ಲಿ ಬಿ ಬ್ಲಾಕ್. ಹುಟ್ಟುಹಬ್ಬದ ಬ್ಯಾನರ್ ಮಾಡಿ ರೂಢಿಯಾದ ಅಂಗಡಿಯವನು ಕೆಳಗೆ ‘ಶುಭ ಕೋರುವವರು: ಕೊಟ್ಟೂರಪ್ಪ ಮತ್ತು ಗೆಳೆಯರು’ ಎಂದೂ ಸೇರಿಸಿದ್ದ. ಯಾರಿಗೂ ಅದು ತಪ್ಪೆನಿಸಲಿಲ್ಲ. ಹಯಾತ್ ಸಾಬ್ ನಾಲ್ಕು ಮೂಲೆಗೆ ಅಕ್ಕಿ ಡಬ್ಬಿ, ಕೊಬ್ಬರಿ ಡಬ್ಬಿ ಇಟ್ಟು ಸಮುದ್ರ ಮುದುಡದಂತೆ ನೋಡಿಕೊಂಡರು.

ಬಕ್ಕೇಶ್ ಕಾಲು ತೊಳೆದುಕೊಂಡು ಬಂದ. ಕಾಯಿಗೆ ಕುಂಕುಮ ಹಚ್ಚಿ, ಕಣ್ಣು ಅರೆಮುಚ್ಚಿ, ದೊಡ್ಡ ದ್ವೀಪದ ಕಡೆಯಿಂದ ಸಮುದ್ರಕ್ಕೆ ಇಳಿದ. ಚಹಾಕಟ್ಟೆಯ ಅಷ್ಟೂ ಜನ ಗೋಡೆಗೆ ಆತು ಉಸಿರು ಬಿಗಿಹಿಡಿದಿದ್ದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು. ಕೆಂಪು ಚೌಕದ ಮೇಲೆ ಬಕ್ಕೇಶನ ಕಾಲು ಬಿತ್ತು. ಕಾಯಿ ಅಲುಗಿತು. ಆಮೇಲೆ ಜುಟ್ಟು ಮೇಲಾಗಿ ನೆಟ್ಟಗೆ ಎದ್ದು ನಿಂತಿತು.

“ಸುಭಾನಲ್ಲಾ,” ಎಂದರು ಹಯಾತ್ ಸಾಬ್. ಭಾವ ಕಣ್ಣೊರೆಸಿಕೊಂಡರು.

ಅಕ್ಕನ ಮುಖ ನೋಡಿ ನನ್ನ ಮೈಯೆಲ್ಲ ಉರಿಯಿತು. ಕೇಳಿಯೇಬಿಟ್ಟೆ. “ಬಕ್ಕೇಶಪ್ಪ, ನಿನ್ನ ಕಾಯಿ ಏಳೋದು ನೀರಿಗಲ್ಲೇನು? ಸಮುದ್ರದಾಗ ನೀರೈತೆ ಅಂತ ಹೇಳಾಕೆ ಕಾಯಿ ಯಾಕೆ?”

“ಕಾಯಿಗೆ ತಿಳಿದದ್ದು ಅದು ಹೇಳುತ್ತೆ ಅಕ್ಕಾರೆ. ನಾನು ಸುಮ್ನೆ ಹಿಡ್ಕಂಡಿರ್ತೀನಿ,” ಎಂದು ಅವನು ಕಾಯಿಯನ್ನು ಚೀಲಕ್ಕೆ ಹಾಕಿದ. ಕಳ್ಳ.

ಭಾವ ನನ್ನ ಕಡೆ ಕರುಣೆಯಿಂದ ನೋಡಿದರು. “ನೆಲದೊಳಗ ಒಸರೋದೆಲ್ಲ ಒಂದೇ ವಾಣಿ. ನಿಂದು ಎ ಬ್ಲಾಕ್ ಬುದ್ಧಿ, ಇಷ್ಟು ದೂರ ಓಡಲ್ಲ.”

ಅಜ್ಜಯ್ಯನ ಆಣೆ ತಪ್ಪುವವಳಲ್ಲ ನಮ್ಮಕ್ಕ. ಸಹಿ ಹಾಕಿದಳು. ಗಿರಣಿ ಕೊಂಡವಳು ಹಯಾತ್ ಸಾಬರ ಹೆಂಡತಿ ಸಿದ್ದೀಕಾ. ತವರಿನಿಂದ ಬಂದ ಹಣವನ್ನು ಗಂಡನ ಕಣ್ಣಿಗೆ ಬೀಳದಂತೆ ತಮ್ಮನ ಹತ್ತಿರ ಇಟ್ಟಿದ್ದಳಂತೆ. “ಇವರ ಕೈಗೆ ಸಿಕ್ರೆ ಸಮುದ್ರ ಸೇರ್ತಿತ್ತು ಅಕ್ಕ,” ಎಂದು ನನ್ನ ಹತ್ತಿರ ಹೇಳಿದಳು. ಆ ಬೀದಿಯಲ್ಲಿ ಬುದ್ಧಿ ಇದ್ದದ್ದು ಅವಳೊಬ್ಬಳಿಗೇ. ಗಿರಣಿ ನಡೆಸುವ ಕೆಲಸವನ್ನು ಅಕ್ಕನಿಗೇ ಬಿಟ್ಟು ತಿಂಗಳ ಸಂಬಳ ಗೊತ್ತುಮಾಡಿದಳು. ಅಕ್ಕ ಅದೇ ಬಸ್ಸಿನಲ್ಲಿ ಅದೇ ಗಿರಣಿಗೆ ಹೋಗತೊಡಗಿದಳು. ಯಂತ್ರದ ಸದ್ದು ಮೀರುವ ಆ ದನಿ ಮಾತ್ರ ಆಮೇಲೆ ಅಲ್ಲಿ ಕೇಳಲಿಲ್ಲ.

ಮೂರ್ಖರಿಗೂ ಒಮ್ಮೊಮ್ಮೆ ಕಾಲ ಕೂಡಿಬರುತ್ತದೆ. ಎರಡು ದ್ವೀಪಗಳೂ ರಾಜಿಯಾದವು. ಬಾವಿ ತೋಡಲು ಒಪ್ಪಿಗೆ ಸಿಕ್ಕಿತು. ಷೇರು ಮೇಲಕ್ಕೆ ಹಾರಿತು. ಭಾವ ಬಿ ಬ್ಲಾಕಿನ ಮನೆಮನೆಗೆ ಪೇಡೆ ಹಂಚಿದರು, ಕಾರಿನ ಬಣ್ಣ ಯಾವುದಿರಬೇಕೆಂದು ಹಯಾತ್ ಸಾಬರ ಜೊತೆ ವಾದ ಮಾಡಿದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವುದನ್ನು ಕೇಳಿದ್ದೆ. ಇವರು ಕೂಸಿನ ಮದುವೆಗೆ ಛತ್ರ ನೋಡುತ್ತಿದ್ದರು.

ಆ ವಾರ ಅಕ್ಕ ಸಿದ್ದೀಕಾಳನ್ನು ಕೇಳಿದಳಂತೆ. ಕೊಟ್ಟ ಬೆಲೆಗೇ ಗಿರಣಿ ವಾಪಸ್ಸು ಬರೆದುಕೊಡುತ್ತೇನೆ ಎಂದಳಂತೆ ಆ ಪುಣ್ಯಾತ್ಗಿತ್ತಿ. ಅಕ್ಕ ಮನೆಗೆ ಓಡಿಬಂದು ಗಂಡನ ಮುಂದೆ ನಿಂತಳು.

“ಗಿರಣಿದಷ್ಟು ಷೇರು ಮಾರಿ ಕೊಡ್ರಿ ಸಾಕು. ಉಳಿದದ್ದು ನೀವೇ ಇಟ್ಗಳ್ರಿ. ನಾನು ಕೇಳಲ್ಲ.”

“ಈಗ ಮಾರೋನು ಹುಚ್ಚ,” ಎಂದರು ಭಾವ. “ಎಣ್ಣೆ ಬೀಳ್ಲಿ. ಒಂದಲ್ಲ, ಹತ್ತು ಗಿರಣಿ ಹಾಕ್ಸಿ ಕೊಡ್ತೀನಿ. ನನ್ನ ಮಾತಂದ್ರೆ ಮಾತು.”

“ಹತ್ತು ಬ್ಯಾಡ್ರಿ. ಒಂದೇ ಕೊಡ್ರಿ,” ಎಂದಳು ಅಕ್ಕ. ಭಾವ ಆಗಲೇ ಮೊಬೈಲ್ ಕಿವಿಗಿಟ್ಟುಕೊಂಡಿದ್ದರು.

ಬಾವಿ ತೋಡಿದರು. ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಬಂದದ್ದು ನಾಲ್ಕೇ ಸಾಲು. ಜಲಧಿ ಪೆಟ್ರೋದ ಬಾವಿಯಲ್ಲಿ ಎಣ್ಣೆ ಸಿಕ್ಕಿಲ್ಲ, ಉಪ್ಪುನೀರು ಮಾತ್ರ ಬಂದಿದೆ, ಕಂಪನಿ ಆ ಬಾವಿಯನ್ನು ಕೈಬಿಟ್ಟಿದೆ. ಕೊಳ್ಳುವವರೇ ಇಲ್ಲದೆ ಷೇರು ಮಾರುವುದಕ್ಕೂ ಆಗದ ಸ್ಥಿತಿಗೆ ಬಂತು. ಚಹಾಕಟ್ಟೆ ಖಾಲಿಯಾಯಿತು. ಹಯಾತ್ ಸಾಬ್ ಭಟ್ಟಿಗೆ ಮರಳಿ ತೆಪ್ಪಗೆ ಮಂಡಕ್ಕಿ ಹುರಿಯತೊಡಗಿದರು.

ಮುಂದಿನ ಭಾನುವಾರ ನಾನು ಅಕ್ಕನ ಮನೆಯಲ್ಲಿದ್ದೆ. ಬಕ್ಕೇಶ್ ಬಂದ. ಬಿಳಿ ಅಂಗಿ ಹಾಕಿಕೊಂಡಿದ್ದ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ನೀರಿನ ಜಾಗ ತೋರಿಸುವವರಿಗೆ ಒಂದು ಪದ್ಧತಿಯಿದೆ. ಅರ್ಧ ದುಡ್ಡು ತೋರಿಸಿದ ದಿನ, ಉಳಿದರ್ಧ ನೀರು ಬಿದ್ದ ಮೇಲೆ.

“ಪೇಪರಿನಾಗ ಬಂದೈತಂತಲ್ರಿ ಯಜಮಾನ್ರೆ, ನೀರು ಬಿತ್ತು ಅಂತ,” ಎಂದ ಹಲ್ಲು ಕಿರಿದು. “ನಮ್ಮಪ್ಪನ ಕಾಲದಿಂದ್ಲೂ ನಮ್ಮ ಪಾಯಿಂಟ್ ಫೇಲಾಗಿಲ್ಲ. ಈಗ ಸಮುದ್ರದಾಗೂ ಆಗಲಿಲ್ಲ.”

ಭಾವ ಕುರ್ಚಿಯಿಂದ ಎದ್ದರು. “ಎಣ್ಣೆ ಎಲ್ಲೋ ಕಳ್ಳ ನನ್ಮಗನೇ?”

“ಎಣ್ಣೆ ಅಂತ ನಾನು ಯಾವಾಗ ಅಂದೆ ಹೇಳ್ರಿ. ಅವತ್ತು ಈ ಅಕ್ಕಾರೇ ಕೇಳಿದ್ರಲ್ಲ. ನೀವೇ ಅವರ ಬಾಯಿ ಮುಚ್ಚಿಸಿದ್ರಿ,” ಎಂದು ನನ್ನ ಕಡೆ ಕೈ ತೋರಿಸಿದ.

ಅಕ್ಕ ಒಳಗೆ ಹೋದಳು. ಹಿಂದಿನ ದಿನ ಸಿದ್ದೀಕಾ ಕೊಟ್ಟ ಸಂಬಳವನ್ನು ತಂದು, ಅದರಲ್ಲಿ ಅವನ ಬಾಕಿ ತೆಗೆದು ಕೈಗಿಟ್ಟಳು. ನಾನು ತಡೆಯಲು ಹೋದೆ.

“ಬಿಡೇ ವಾಣಿ. ಅವನು ನೀರು ಅಂದ, ನೀರು ಬಂತು. ಇಸ್ಕಳ್ಳಿ,” ಎಂದಳು. ಗಂಡನ ಕಡೆ ತಿರುಗಲಿಲ್ಲ. ಬಕ್ಕೇಶ್ ಬಾಳೆಹಣ್ಣನ್ನು ಮೇಜಿನ ಮೇಲಿಟ್ಟು, ಎರಡು ಕೈ ಜೋಡಿಸಿ ಹೋದ.

ಅಕ್ಕ ಒಂದು ಚೀಲಕ್ಕೆ ಸೀರೆಗಳನ್ನು ಹಾಕಿಕೊಂಡಳು. ಗಿರಣಿಯ ಹಿಂದೆ ಒಂದು ಕೋಣೆಯಿದೆ, ಸಿದ್ದೀಕಾ ಅದರ ಬೀಗದ ಕೈ ಕೊಟ್ಟಿದ್ದಾಳೆ, ಇನ್ನು ಅಲ್ಲೇ ಇರುತ್ತೇನೆ ಎಂದು ನನಗೆ ಹೇಳಿದಳು. ಅಳಲಿಲ್ಲ, ಬಯ್ಯಲಿಲ್ಲ. ಚಪ್ಪಲಿ ಮೆಟ್ಟುವಾಗ ಭಾವ ಬಾಗಿಲಿಗೆ ಬಂದರು. ಏನಾದರೂ ಹೇಳುತ್ತಾರೆ, ತಪ್ಪಾಯ್ತು ಎನ್ನದಿದ್ದರೂ ಇರು ಎಂದಾದರೂ ಅನ್ನುತ್ತಾರೆ ಎಂದು ನಾನು ಕಾದೆ.

“ಮಧ್ಯಾಹ್ನ ಊಟಕ್ಕೇನು?” ಎಂದರು.

ಅಕ್ಕ ತಲೆಯೆತ್ತಿದಳು. ಗಿರಣಿಯಲ್ಲಿ ಕೇಳುತ್ತಿದ್ದ ದನಿಯಲ್ಲಿ, ಬಿ ಬ್ಲಾಕಿನ ಆಚೆ ಮನೆಯವರಿಗೂ ಕೇಳುವಂತೆ ಹೇಳಿದಳು.

“ಎರಡು ದ್ವೀಪ ರಾಜಿ ಆಗ್ಯಾವಲ್ರಿ. ಯಾವುದ್ರಾಗ ಅಡಿಗಿ ಆಗೈತೆ ಕೇಳ್ಕಂಡು, ಅಲ್ಲೇ ಉಣ್ರಿ.”